ಬೈಗುಳಕ್ಕೆ ಬಗ್ಗದ ನೊರೆ

ನಮ್ಮೂರಿನಲ್ಲಿ ಬೀರಿನ ನೊರೆ ಬೈದರೆ ಇಳಿಯುತ್ತದೆ. ದಾರಿಹೋಕರು ಯಾರೋ ಬೈದರೆ ಇಳಿಯುವುದಿಲ್ಲ. ಗುಡಾಣದ ಒಡೆಯರು ಯಾರಿಗೆ ಹೆದರುತ್ತಾರೋ ಅವರ ದನಿಯಲ್ಲೇ ಬೈಯಬೇಕು. ಆದರೆ ಹೆದರಿಸುವವರು ಯಾವಾಗಲೂ ಕೈಗೆ ಸಿಗುತ್ತಾರೆಯೇ? ಕೆಲವರು ಸತ್ತಿರುತ್ತಾರೆ, ಕೆಲವರು ವರ್ಗವಾಗಿ ಹೋಗಿರುತ್ತಾರೆ, ಇನ್ನು ಕೆಲವರ ಮನೆಗೆ ಹೋಗಿ "ಸ್ವಾಮಿ, ನಿಮ್ಮನ್ನ ಕಂಡ್ರೆ ನಂಗೆ ಭಯ, ಬಂದು ಒಂದೆರಡು ಬೈದು ಹೋಗಿ" ಅನ್ನಲು ಮಾನ ಅಡ್ಡ ಬರುತ್ತದೆ. ಅಲ್ಲಿಗೆ ನಾನು ಬರುತ್ತೇನೆ.

ನನ್ನ ಹೆಸರು ಬೀರೇಶ. ಬೀರಿನ ಊರಿನಲ್ಲಿ ಮಗನಿಗೆ ಬೀರೇಶನೆಂದು ಹೆಸರಿಟ್ಟ ಅಪ್ಪನಿಗೆ ದೂರದೃಷ್ಟಿ ಇತ್ತೋ, ಬರೀ ದಾಹ ಇತ್ತೋ ಹೇಳಲಾರೆ. ಪಕ್ಕದ ಪಟ್ಟಣಕ್ಕೆ ಹೋಗಿ ಬಿ.ಎ. ಮಾಡಿಕೊಂಡು ಬಂದೆ. ಮೂರು ವರ್ಷದಲ್ಲಿ ನಾನು ಕಲಿತದ್ದು ಆರು ಜನ ಮೇಷ್ಟರ ದನಿ ಮತ್ತು ಒಬ್ಬ ಪ್ರಿನ್ಸಿಪಾಲರ ಕೆಮ್ಮು. ಬಿ.ಎ. ಅಂದರೆ ಬೈಯುವ ಅಧಿಕಾರಿ ಎಂದುಕೊಂಡು ಊರಿನವರು ನನಗೆ ಈ ಕೆಲಸ ಕೊಟ್ಟರು. ನಾನು ತಿದ್ದಲು ಹೋಗಲಿಲ್ಲ. ಅನ್ನ ಕೊಡುವವರ ಕಾಗುಣಿತ ತಿದ್ದಬಾರದು.

ಕೆಲಸ ಕಷ್ಟದ್ದೇನಲ್ಲ. ಜವೆಗೋಧಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬೇಯಿಸಿ, ಸೋಸಿ, ಆ ತಿಳಿ ತಣ್ಣಗಾದ ಮೇಲೆ ಮನೆಯವರು ಗುಡಾಣಕ್ಕೆ ಸುರಿದು ಹಿಂದಿನ ಸಲದ ಹೆಪ್ಪು ಹಾಕುತ್ತಾರೆ. ಮಾರನೆಯ ದಿನ ಹೊತ್ತೇರುವಾಗ ಉಕ್ಕು ಶುರುವಾಗುತ್ತದೆ. ಗುಡಾಣದ ಬಾಯಲ್ಲಿ ಮೊದಲು ಒಂದು ಬಿಳಿ ಟೋಪಿ ಕಾಣಿಸುತ್ತದೆ, ಆಮೇಲೆ ಪೇಟ, ಆಮೇಲೆ ಮೆರವಣಿಗೆ. ಪೇಟದ ಹಂತದಲ್ಲಿ ನಾನು ಹಾಜರಿರಬೇಕು. ಬಟ್ಟೆ ಅಂಗಡಿ ಶಾಂತವೀರಣ್ಣನ ಮನೆಯಲ್ಲಿ ನಾನು ನಾಲ್ಕನೇ ಕ್ಲಾಸಿನ ಗಣಿತದ ಮೇಷ್ಟರು. "ಒಂಬತ್ತೇಳ್ಲ ಎಷ್ಟೋ ಕತ್ತೆ?" ಎಂದರೆ ಸಾಕು, ಅರವತ್ಮೂರಕ್ಕೂ ಕಾಯದೆ ನೊರೆ ಕುಸಿಯುತ್ತದೆ. ದನದ ಡಾಕ್ಟರ ಮನೆಯ ನೊರೆ ಒಂದೇ ಒಂದು ಎಮ್ಮೆಯ ದನಿಗೆ ಇಳಿಯುವಂಥದು. ಆ ಎಮ್ಮೆ ತೀರಿಕೊಂಡಿತು, ನಾನಿದ್ದೇನೆ.

ಊರಿನ ಯಜಮಾನರು ಗುರುಪಾದಪ್ಪ. ತಲೆಯ ಮೇಲೆ ಹನ್ನೊಂದು ಮೊಳದ ರುಮಾಲು, ಮೂಗಿನ ಕೆಳಗೆ ಊರಿಗೆಲ್ಲ ಹಂಚಿದರೂ ಮಿಗುವಷ್ಟು ಮೀಸೆ. ಅವರು ದೇವರಿಗೆ ಹೆದರುವುದಿಲ್ಲ, ಹೆಂಡತಿಗೂ ಹೆದರುವುದಿಲ್ಲ. ಕ್ಷೌರದಂಗಡಿಯ ಚೆಲುವಯ್ಯನಿಗೆ ಹೆದರುತ್ತಾರೆ. ಆ ರುಮಾಲಿನ ಕೆಳಗೆ ಏನಿದೆ, ಏನಿಲ್ಲ ಎಂದು ಬಲ್ಲವನು ಅವನೊಬ್ಬನೇ. ಯಜಮಾನರ ಮನೆಗೆ ನಾನು ಹಿತ್ತಲ ಬಾಗಿಲಿನಿಂದ ಹೋಗಿ, ಗುಡಾಣದ ಕಿವಿಯ ಹತ್ತಿರ ಬಗ್ಗಿ, ಚೆಲುವಯ್ಯನ ಬೆಣ್ಣೆಯಂಥ ದನಿಯಲ್ಲಿ "ಯಜಮಾನ್ರೇ, ಇವತ್ತು ಏನ್ ತೆಗೀಲಿ?" ಎನ್ನುತ್ತೇನೆ. ನೊರೆ ನಾಚಿಕೊಂಡು ತಳ ಸೇರುತ್ತದೆ. ಯಾರ ಮನೆಯಲ್ಲಿ ಯಾರ ದನಿ ಎಂದು ಹೊರಗೆ ಬಾಯಿ ಬಿಡಬಾರದೆಂಬುದು ನನ್ನ ವೃತ್ತಿಧರ್ಮ. ನಿಮಗೆ ಹೇಳಬಹುದು, ನೀವು ನಮ್ಮೂರಿನವರಲ್ಲ.

ನೊರೆ ಇಳಿದ ಮೇಲೆ ನಾನು ಬೀದಿಗೆ ಮುಖ ಮಾಡಿ "ತಗ್ಗಿತು!" ಎಂದು ಮೂರು ಸಲ ಕೂಗುತ್ತೇನೆ. ಒಮ್ಮೆ ತಗ್ಗಿತು ಅಂದಮೇಲೆ ಆ ಗುಡಾಣವನ್ನು ಬೀರು ಹದಕ್ಕೆ ಬರುವ ತನಕ ಯಾರೂ, ಯಜಮಾನರೂ ಸಹ, ಮುಟ್ಟುವಂತಿಲ್ಲ. ತಗ್ಗದೆ ಹೊಸಿಲು ದಾಟಿತೋ, ಅದು ತಪ್ಪು. ಎರಡು ತಪ್ಪಿಗೆ ಮಾಫಿ ಇದೆ. ಮೂರನೆಯದಕ್ಕೆ ಗುಡಾಣವನ್ನು ಬೀದಿಗೆ ತಂದು ಬೋರಲು ಹಾಕುತ್ತಾರೆ, ಹೆಪ್ಪನ್ನು ಚರಂಡಿಗೆ ಚೆಲ್ಲುತ್ತಾರೆ. ಹೆಪ್ಪು ಕಳೆದುಕೊಂಡ ಮನೆಗೆ ಊರಿನಲ್ಲಿ ಯಾರೂ ಮತ್ತೆ ಹೆಪ್ಪು ಕೊಡುವುದಿಲ್ಲ.

ಇಷ್ಟು ಹೇಳಿದ್ದು ಹೊನ್ನಾಜಮ್ಮನ ಸಂಗತಿ ಹೇಳುವುದಕ್ಕೆ. ನಾನು ಅವಳನ್ನು ಹೊನ್ನಕ್ಕ ಅನ್ನುತ್ತೇನೆ. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ, ಊರಿನಲ್ಲೇ ಒಳ್ಳೆಯ ಬೀರು ಅವಳದು. ಅವಳ ಗಂಡ ಹೆದರಿಸುವವರ ಪೈಕಿ ಅಲ್ಲ. ಬದುಕಿದ್ದಾಗಲೇ ಅವನಿಗೆ ದನಿ ಇರಲಿಲ್ಲ. ಹೆದರಿಸಿದ್ದೆಲ್ಲ ಅತ್ತೆ ಚಿಕ್ಕತಾಯಮ್ಮ. ಆಯಮ್ಮ ಸತ್ತು ಹನ್ನೆರಡು ವರ್ಷವಾದರೂ ನಾನು ಪ್ರತಿ ಉಕ್ಕಿಗೂ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಮೂಗಿನಲ್ಲಿ ಅರ್ಧ ಗಂಟಲಲ್ಲಿ ಅರ್ಧ ದನಿ ತೆಗೆದು ಬೈದು ಬರುತ್ತಿದ್ದೆ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಸುಳ್ಳಾದದ್ದಿಲ್ಲ.

ಈ ಸಲದ ಬೇಸಿಗೆಯ ಮೊದಲನೆಯ ಉಕ್ಕಿನ ದಿನ ಹೋದೆ. ನೊರೆ ಪೇಟ ಕಟ್ಟಿತ್ತು. ಹೊನ್ನಕ್ಕ ಬಾಗಿಲಿಗೆ ಒರಗಿ ಹುರುಳಿಕಾಯಿ ಮುರಿಯುತ್ತಿದ್ದಳು. ನಾನು ಶುರು ಮಾಡಿದೆ.

"ಏನೇ ಹೊನ್ನಾಜಿ! ಉಕ್ಕಿಸ್ಕೊಂಡು ಕೂತಿದೀಯಲ್ಲ, ಜವೆ ಏನು ನಿಮ್ಮಪ್ಪ ಗಾಡಿ ಕಟ್ಟಿ ಕಳಿಸಿದ್ನೇನೇ?"

'ನಿಮ್ಮಪ್ಪ' ಅನ್ನುವಷ್ಟರಲ್ಲೇ ಇಳಿಯಬೇಕಾಗಿದ್ದ ನೊರೆ ಒಂದು ಗೇಣು ಮೇಲಕ್ಕೆ ಬಂತು. ಗಂಟಲು ಸರಿಮಾಡಿಕೊಂಡು, ಆಯಮ್ಮ ಎಲೆಅಡಿಕೆ ಉಗಿಯುವ ಸದ್ದನ್ನೂ ಸೇರಿಸಿ ಇನ್ನೊಮ್ಮೆ ಬೈದೆ. ಇನ್ನೊಂದು ಗೇಣು ಬಂತು. ನನ್ನ ಬೆನ್ನ ಹಿಂದೆ ಹೊನ್ನಕ್ಕ ನಗುತ್ತಿದ್ದಳು.

"ಪಾಪ, ಮುದುಕಿ," ಎಂದಳು.

ನಾನು ಸೊಂಟದ ಮೇಲಿನ ಕೈ ಇಳಿಸಿದೆ. ಭಯ ಇದ್ದ ಕಡೆ ಪಾಪ ಅನ್ನುವ ಮಾತು ಹುಟ್ಟುವುದಿಲ್ಲ.

"ಅಕ್ಕಾ, ಅತ್ತೆ ಭಯ ಹೋಯ್ತಾ ನಿಂಗೆ?"

"ಹೋದ ವಾರ ಅವಳ ಪೆಟ್ಟಿಗೆ ತೆಗೆದೆ ಕಣೋ. ಹನ್ನೆರಡು ವರ್ಷ ಆ ಬೀಗದ ಕೈ ಮುಟ್ಟೋಕೆ ಧೈರ್ಯ ಇರ್ಲಿಲ್ಲ. ಒಳಗೆ ಏನಿತ್ತು ಹೇಳು? ಎರಡು ಸೀರೆ, ಅದರಡಿ ಒಂದು ಬೆಲ್ಲದ ಅಚ್ಚು. ಅರ್ಧ ಕಚ್ಚಿ ಇಟ್ಟಿದಾಳೆ, ಹಲ್ಲಿನ ಗುರುತು ಹಾಗೇ ಇದೆ! ನಂಗೆ ಕಾಣದ ಹಾಗೆ ಕದ್ದು ಬೆಲ್ಲ ತಿಂತಿದ್ಲು ಮಹಾತಾಯಿ. ನಂಗೆ ನಗು ತಡೆಯೋಕಾಗ್ಲಿಲ್ಲ."

ಅವಳು ಅದನ್ನು ನೆನೆದು ಮತ್ತೆ ನಕ್ಕಳು. ನೊರೆಗೂ ಅಷ್ಟೇ ಬೇಕಾಗಿತ್ತು. ಗುಡಾಣದಿಂದ ಇಳಿದು, ಅಡುಗೆಮನೆ ದಾಟಿ, ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಅತಿಥಿಯಂತೆ ಕೂತು, ಹೊಸಿಲು ದಾಟಿತು. ಎದುರು ಮನೆಯ ರಂಗೋಲಿ, ಎರಡು ಜೊತೆ ಚಪ್ಪಲಿ ತೇಲಿ ಹೋದವು. ಬೀದಿಯ ನಾಯಿಯೊಂದು ಮೂರು ಸಲ ನೆಕ್ಕಿ ಸಂಜೆಯವರೆಗೆ ತತ್ತ್ವಜ್ಞಾನಿಯಾಗಿ ಮಲಗಿತ್ತು. ಮೊದಲನೆಯ ತಪ್ಪು ಹೀಗೆ ಆಯಿತು.

ಎರಡನೆಯ ಸಲಕ್ಕೆ ಹೊನ್ನಕ್ಕ ತಾನೇ ಉಪಾಯ ಮಾಡಿದಳು. ಗುಡಾಣವನ್ನು ಕುತ್ತಿಗೆಯವರೆಗೆ ತುಂಬಿಸದೆ ಎರಡು ಗೇಣು ಖಾಲಿ ಬಿಟ್ಟಳು. ಸೆಕೆಗೆ ಉಕ್ಕು ಹೆಚ್ಚೆಂದು ಸುತ್ತ ಒದ್ದೆ ಗೋಣಿ ಕಟ್ಟಿ ನೆರಳಿಗೆ ಸರಿಸಿದಳು. ನಿಜಕ್ಕೂ ನೊರೆ ನಿಧಾನವಾಯಿತು. ಎಂಟು ಗಂಟೆಗೆ ಬರಬೇಕಾದದ್ದು ಹನ್ನೊಂದಾದರೂ ಗುಡಾಣದ ಬಾಯಲ್ಲೇ ಕೂತು ಯೋಚಿಸುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ನನಗೆ ನನ್ನ ವಿದ್ಯೆಯ ಮೇಲೆ ಪ್ರೀತಿ ಜಾಸ್ತಿ. ಚಿಕ್ಕಂದಿನಲ್ಲಿ ಅವಳಿಗೆ ಸೂಜಿ ಚುಚ್ಚಿದ ಕಾಂಪೌಂಡರ್ ದನಿಯಲ್ಲಿ "ಸೊಂಟ ಸಡಿಲ ಬಿಡಮ್ಮಾ" ಎಂದೆ. ಹೊನ್ನಕ್ಕ ಹುರುಳಿಕಾಯಿಯ ತಟ್ಟೆ ಕೆಳಗಿಟ್ಟು ನಕ್ಕಳು. ಖಾಲಿ ಬಿಟ್ಟ ಎರಡು ಗೇಣು ಎರಡು ನಿಮಿಷಕ್ಕೆ ತುಂಬಿತು.

ಆ ಹೊತ್ತಿಗೆ ಸರಿಯಾಗಿ ಯಜಮಾನರು ಬೀದಿಯಲ್ಲಿ ಬರುತ್ತಿದ್ದರು. ನೊರೆಯ ಮೇಲೆ ಕಾಲಿಟ್ಟರು. ಜಾರುವಾಗ ಮನುಷ್ಯ ಎರಡೂ ಕೈ ನೆಲಕ್ಕೆ ಊರುತ್ತಾನೆ. ಯಜಮಾನರ ಎರಡೂ ಕೈ ರುಮಾಲಿನ ಮೇಲಿದ್ದವು. ಬೆನ್ನ ಮೇಲೆ ಬಿದ್ದು, ಬಿದ್ದ ಹಾಗೇ ಹೊನ್ನಕ್ಕನ ಮನೆಯಿಂದ ಹುಣಸೆಮರದ ತನಕ ಸಾಗಿದರು. ರುಮಾಲು ಅಲುಗಲಿಲ್ಲ. ಅವರ ಧೈರ್ಯವನ್ನು ನಾನು ಮೆಚ್ಚಿದೆ. ಹೊನ್ನಕ್ಕನೂ ಮೆಚ್ಚಿರಬೇಕು, ಗೋಡೆ ಹಿಡಿದುಕೊಂಡು ಕೂತುಬಿಟ್ಟಿದ್ದಳು, ಕಣ್ಣಲ್ಲಿ ನೀರು.

ಯಜಮಾನರು ಎದ್ದು ಬಂದು ಹೊಸಿಲಾಚೆ ನಿಂತರು.

"ಎರಡಾಯ್ತು ಹೊನ್ನಾಜಿ."

"ಆಯ್ತು ಯಜಮಾನ್ರೇ. ಪೆಟ್ಟಾಯ್ತಾ?"

"ನಗ್ತಾ ಕೇಳ್ಬೇಡ. ಮುಂದಿನ ಉಕ್ಕಿಗೆ ನಾನೇ ಬಂದು ಎದುರು ಕೂರ್ತೀನಿ. ದನಿಗೆ ತಗ್ಗಬೇಕು. ತಗ್ಗಲಿಲ್ಲ ಅಂದ್ರೆ ಮೂರನೇದು ಅಂತ ಲೆಕ್ಕ. ಯಾರಿಗೂ ಹೆದರದ ಹೆಂಗಸಿನ ಕೈಯಲ್ಲಿ ಗುಡಾಣ ಇರಬಾರದು. ಇವತ್ತು ನಾನು ಜಾರಿದೀನಿ, ನಾಳೆ ಊರೇ ಜಾರುತ್ತೆ."

ಅವರು ಹೋದ ಮೇಲೆ ಹೊನ್ನಕ್ಕ ನಗಲಿಲ್ಲ. ಪಡಸಾಲೆ ಒರೆಸುತ್ತ, ನನ್ನ ಕಡೆ ನೋಡದೆ, "ಗುಡಾಣ ಹೋದ್ರೆ ತಮ್ಮನ ಮನೆಗೆ ಹೋಗ್ಬೇಕು ಕಣೋ," ಎಂದಳು. "ಅವನ ಹೆಂಡ್ತಿ ಉಪ್ಪಿನ ಡಬ್ಬಿಗೂ ಬೀಗ ಹಾಕೋಳು. 'ಅತ್ತಿಗೆ, ಎರಡು ಮುದ್ದೆ ಸಾಕಲ್ವಾ' ಅಂತ ಕೇಳೋಳು. ಕೇಳಿದ್ಮೇಲೆ ಮೂರನೇದು ಹ್ಯಾಗೆ ತಿನ್ನೋದು?"

"ಅವಳಿಗೆ ಹೆದರ್ತೀಯಾ?" ನಾನು ಆಸೆಯಿಂದ ಕೇಳಿದೆ. ಆ ದನಿ ನನಗೆ ಬರುತ್ತಿತ್ತು.

"ಅವಳಿಗ್ಯಾಕೆ ಹೆದರ್ಲಿ? ಅವಳನ್ನ ಕಂಡ್ರೆ ಹಸಿವಾಗುತ್ತೆ, ಅಷ್ಟೆ."

ಇನ್ನೊಂದು ಉಕ್ಕಿಗೆ ಹದಿನೈದು ದಿನವಿತ್ತು. ಅಷ್ಟರೊಳಗೆ ಹೊನ್ನಕ್ಕನಿಗೆ ಒಂದು ಭಯ ಹುಡುಕಿಕೊಡುವುದು ನನ್ನ ಹೊಣೆ ಎಂದುಕೊಂಡೆ. ಸಣ್ಣ ಮಡಕೆಯಲ್ಲಿ ನಾಲ್ಕು ಸೇರು ತಿಳಿ ಹಾಕಿ, ಹೆಪ್ಪು ಬೆರೆಸಿ, ಪ್ರಯೋಗಕ್ಕೆ ಹಿತ್ತಲಲ್ಲಿ ಇಟ್ಟೆವು. ಮಾರನೆಯ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಬಾಯಿಗೆ ಬಂದವರಾದೆ. ಸಬ್ ಇನ್ಸ್‌ಪೆಕ್ಟರಾದೆ. ಹಳೆಯ ಶಾನುಭೋಗರಾದೆ. ಜೋಯಿಸರಾಗಿ "ನಿನ್ನ ಏಳನೇ ಮನೇಲಿ ಶನಿ ಇದಾನಮ್ಮಾ" ಎಂದೆ. "ಬಾಡಿಗೆ ಕೊಡ್ತಾನಂತಾ?" ಎಂದು ಕೇಳಿದಳು. ಅವಳ ಗಂಡನ ದೆವ್ವವಾಗಿ ಬೇಲಿಯ ಹಿಂದಿನಿಂದ ನರಳಿದೆ, "ಅವರು ಅಷ್ಟು ಜೋರಾಗಿ ಯಾವತ್ತು ಮಾತಾಡಿದ್ರು?" ಎಂದಳು. ಕೊನೆಗೆ ಹುಲಿಯಾಗಿ ಗರ್ಜಿಸಿದೆ. ಎರಡು ಬೀದಿಯಾಚೆ ಕಟ್ಟಿದ್ದ ಹಸು ಹಗ್ಗ ಕಿತ್ತುಕೊಂಡು ಓಡಿತು. ಹೊನ್ನಕ್ಕ, "ಗಂಟಲು ಹೋಗುತ್ತೆ ಕಣೋ ಬೀರಾ, ಮಜ್ಜಿಗೆ ಕುಡಿ," ಎಂದಳು.

ಮಜ್ಜಿಗೆ ಕುಡಿದು, ಉಳಿದಿದ್ದ ಒಂದೇ ಅಸ್ತ್ರ ತೆಗೆದೆ. ಮೀಸೆಯ ಜಾಗದಲ್ಲಿ ಬೆರಳು ಹಿಡಿದು ಯಜಮಾನರ ದನಿಯಲ್ಲಿ, "ಹೊನ್ನಾಜೀ! ಇದು ಊರಿನ ಮರ್ಯಾದೆ ಪ್ರಶ್ನೆ!" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು, "ಜಾರ್ಕೊಂಡು ಹೋಗ್ತಾ ಹೇಳು, ಆಗ ಸರಿಯಾಗುತ್ತೆ," ಎಂದಳು. ನಾಲ್ಕು ಸೇರಿನ ಮಡಕೆಯಿಂದ ಎದ್ದ ನೊರೆ ಹಿತ್ತಲ ಬೇಲಿ ಹತ್ತಿತು. ಪೇಪರಿನಲ್ಲಿ ಉಕ್ಕಿನ ಮಹಿಳೆ ಎಂದು ಬರೆಯುತ್ತಾರಲ್ಲ, ಅಂಥವರನ್ನು ನಾನು ಕಂಡಿಲ್ಲ. ಉಕ್ಕಿಸುವ ಮಹಿಳೆಯನ್ನು ಕಂಡಿದ್ದೇನೆ.

ನಾನು ಸೋತು ಕಲ್ಲಿನ ಮೇಲೆ ಕೂತೆ. ಹೊನ್ನಕ್ಕ ಬೇಲಿಯ ಮೇಲಿನ ನೊರೆಯನ್ನೇ ನೋಡುತ್ತಿದ್ದಳು. ಬೇಲಿಯ ಪಕ್ಕ ಪರಂಗಿ ಗಿಡವಿತ್ತು. ಅದರ ಒಂದು ದಂಟು ಎಲೆ ಕಳಚಿ, ಬುಡ ಮುರಿದು ಬೇಲಿಗೆ ಒರಗಿತ್ತು. ಆ ದಂಟಿನ ಬುಡದಲ್ಲಿ ನುಗ್ಗಿದ ನೊರೆ ಎಲೆ ಕಳಚಿದ ತುದಿಯಿಂದ ಹನಿಹನಿಯಾಗಿ ಹೊರಗೆ ಬೀಳುತ್ತಿತ್ತು.

"ಬೀರಾ, ಇದು ಬೈಸ್ಕೊಳ್ಳೋಕೆ ಬರ್ತಿಲ್ಲ ಕಣೋ," ಎಂದಳು. "ಒಳಗೆ ಜಾಗ ಸಾಲದೆ ಬರ್ತಿದೆ. ದಾರಿ ಕೊಟ್ರೆ ತನ್ನ ಪಾಡಿಗೆ ತಾನು ಹೋಗುತ್ತೆ."

ಮಡಕೆಗೆ ಹೊಸ ತಿಳಿ ಹಾಕಿ ಒಳಗಿಟ್ಟು, ಮಾರನೆಯ ದಿನವೇ ಮಾಡಿ ನೋಡಿದೆವು. ಪರಂಗಿ ಎಲೆಯ ದಂಟು ಒಳಗೆ ಪೊಳ್ಳು. ಅದನ್ನು ಕೊಯ್ದು, ಹಾಲು ಸೋರಿದ ಮೇಲೆ ತೊಳೆದು, ಕುದಿನೀರಿನಲ್ಲಿ ಅದ್ದಿ ತೆಗೆದಳು. ಮರದ ಮುಚ್ಚಳಕ್ಕೆ ತೂತು ಕೊರೆದು ಒಂದು ದಂಟು ನಿಲ್ಲಿಸಿ, ಅದಕ್ಕೆ ಇನ್ನೊಂದನ್ನು ಓರೆಯಾಗಿ ಜೋಡಿಸಿ, ಸಂದಿಗೆಲ್ಲ ರಾಗಿ ಹಿಟ್ಟು ಕಲಸಿ ಮೆತ್ತಿದಳು. ಕೆಳಗಿನ ತುದಿ ಒಂದು ಬಕೆಟ್ ನೀರಿನಲ್ಲಿ. ಮೊದಲನೆಯ ಸಲ ತೆಳ್ಳನೆಯ ದಂಟು ಹಾಕಿದ್ದೆವು. ಜವೆಯ ಹೊಟ್ಟು ಸಿಕ್ಕಿಕೊಂಡು ದಾರಿ ಕಟ್ಟಿತು. ಐದು ನಿಮಿಷ ಎಲ್ಲ ಶಾಂತವಾಗಿತ್ತು. ಆಮೇಲೆ ಮುಚ್ಚಳ ಹಾರಿ ತೊಲೆಗೆ ಬಡಿದು ಎರಡು ಹೆಂಚು ಒಡೆಯಿತು. ಎರಡನೆಯ ಸಲ ಹೊನ್ನಕ್ಕ ಗಿಡದಲ್ಲಿದ್ದ ಅತಿ ದಪ್ಪನೆಯ ದಂಟು ಆರಿಸಿದಳು. ನೊರೆ ಮುಚ್ಚಳಕ್ಕೆ ಬಂತು, ತಡಕಾಡಿತು, ದಂಟಿನೊಳಗೆ ಹೊಕ್ಕಿತು. ಬಕೆಟ್ಟಿನಲ್ಲಿ ಗುಳುಕ್ ಅಂದಿತು. ಮತ್ತೆ ಗುಳುಕ್. ಸಂಜೆಯವರೆಗೆ ಗುಳುಗುಳು ಎನ್ನುತ್ತ ನೀರಿಗಿಳಿದು ಕರಗಿತು. ನೆಲದ ಮೇಲೆ ಒಂದು ಹನಿ ಇಲ್ಲ. ನಾನು ಬೈಯಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ.

"ಅಕ್ಕಾ, ನನ್ನ ಹೊಟ್ಟೆ ಮೇಲೆ ದಂಟು ಹೊಡೆದ್ಯಲ್ಲ," ಎಂದೆ.

"ನಿಂಗೇನೋ, ಬಿ.ಎ. ಓದಿದೀಯ. ನಾಟಕ ಕಂಪನಿ ಸೇರ್ಕೋ."

ಉಕ್ಕಿನ ದಿನ ಯಜಮಾನರು ಬಂದರು. ಹಿಂದೆ ಇಬ್ಬರು ಗಟ್ಟಿ ಆಳುಗಳು, ಅವರ ಹಿಂದೆ ಅರ್ಧ ಊರು. ಉಳಿದರ್ಧ ಊರು ಕಿಟಕಿಯಲ್ಲಿತ್ತು. ಹೊನ್ನಕ್ಕ ಪಡಸಾಲೆಯ ಮಧ್ಯಕ್ಕೇ ಗುಡಾಣ ತಂದಿಟ್ಟಿದ್ದಳು. ಮೇಲೆ ದಂಟು, ಪಕ್ಕದಲ್ಲಿ ಬಕೆಟ್, ಬಕೆಟ್ಟಿನಲ್ಲಿ ಗುಳುಗುಳು.

"ಇದೇನಿದು ಹುಕ್ಕಾ?" ಯಜಮಾನರು ಕೇಳಿದರು.

"ದಾರಿ, ಯಜಮಾನ್ರೇ. ನೊರೆ ಇದರಲ್ಲಿ ಹೋಗುತ್ತೆ, ಹೊಸಿಲು ದಾಟಲ್ಲ."

"ಬೈದದ್ದು ಯಾರು?"

"ಯಾರೂ ಇಲ್ಲ."

ಜನ ಗುಜುಗುಜು ಎಂದರು. ಯಜಮಾನರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. "ಬೈಗುಳ ತಿನ್ನದೆ ಬೆಳೆದ ಬೀರಿಗೆ ರುಚಿ ಎಲ್ಲಿಂದ ಬರುತ್ತೆ? ನಾವೆಲ್ಲ ಬೈಸ್ಕೊಂಡು ಬೆಳೆದವರಲ್ವಾ? ಕೀಳು ಅದನ್ನ."

"ಅದಿದ್ರೆ ಏನು ತಪ್ಪು ಅಂತ ಹೇಳಿ, ಕೀಳ್ತೀನಿ."

"ದನಿಗೆ ತಗ್ಗಬೇಕು ಅಂತ ಹೇಳಿದ್ದೆ. ದಂಟಿಗೆ ಅಂತ ಹೇಳಿರಲಿಲ್ಲ. ಕೀಳ್ರೋ!"

ಆಳೊಬ್ಬ ದಂಟು ಕಿತ್ತು, ಮುಚ್ಚಳ ತೆಗೆದ. ದಾರಿ ಕಳೆದುಕೊಂಡ ನೊರೆ ಗುಡಾಣದ ಬಾಯಲ್ಲಿ ತಲೆ ಎತ್ತಿತು. ಯಜಮಾನರು ನನ್ನ ಕಡೆ ತಿರುಗಿದರು. "ಏನೋ ಬಿ.ಎ., ಇವಳಿಗೆ ಯಾರ ದನಿ?"

"ಸಿಕ್ಕಿಲ್ಲ ಯಜಮಾನ್ರೇ. ಹುಲಿ ತನಕ ನೋಡಿದೆ."

"ಹಾಗಾದ್ರೆ ನನ್ನ ದನಿಗೆ ತಗ್ಗಲಿ." ಅವರು ಗುಡಾಣದ ಮೇಲೆ ಬಗ್ಗಿ ಅಬ್ಬರಿಸಿದರು. "ಹೊನ್ನಾಜೀ! ಇದು ಊರಿನ ಮರ್ಯಾದೆ ಪ್ರಶ್ನೆ!"

ಅಕ್ಷರ ಅಕ್ಷರ ಅದೇ ಮಾತು. ಕೆಲವು ದಿನದ ಹಿಂದೆ ಹಿತ್ತಲಲ್ಲಿ ನಾನು ಹೇಳಿದ್ದಕ್ಕಿಂತ ಸ್ವಲ್ಪ ಕೆಟ್ಟದಾಗಿ ಹೇಳಿದರು. ಹೊನ್ನಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಬಾಯಿಗೆ ಸೆರಗು ಹಾಕಬಹುದು, ಗುಡಾಣಕ್ಕೆ? ಭುಸ್ಸೆಂದು ಎದ್ದ ನೊರೆ ಯಜಮಾನರ ಮೀಸೆಯನ್ನು ಎರಡೂ ಕಡೆ ಅಪ್ಪಿಕೊಂಡಿತು. ಅವರು ತಲೆ ಎತ್ತಿದಾಗ ಮೂಗಿನ ಕೆಳಗೆ ಹತ್ತಿಯ ಮೂಟೆಯೊಂದು ಒಡೆದಂತಿತ್ತು. ಕಿಟಕಿಯ ಅರ್ಧ ಊರು ನಕ್ಕಿತು, ಬಾಗಿಲಿನ ಅರ್ಧ ಊರು ಕೆಮ್ಮಿತು.

ಯಜಮಾನರು ನಗಲಿಲ್ಲ. ಮೀಸೆ ಒರೆಸಿಕೊಂಡು, ಮೊದಲಿಗಿಂತ ಮೆಲ್ಲಗೆ ಹೇಳಿದರು.

"ಹೊಸಿಲು ದಾಟೋ ತನಕ ಕಾಯೋದು ಬೇಡ. ಎತ್ರೋ. ಬೀದಿಗೆ ತಂದು ಬೋರಲು ಹಾಕಿ."

ಆಳುಗಳಿಬ್ಬರೂ ಬಗ್ಗಿ ಗುಡಾಣದ ಕುತ್ತಿಗೆಗೆ ಕೈಹಾಕಿದರು. ಗುಡಾಣ ಸಿಂಬಿಯ ಮೇಲಿಂದ ಒಂದು ಬೆರಳಿನಷ್ಟು ಮೇಲೆದ್ದಿತು. ಒಬ್ಬನ ಕೈ ನೊರೆಗೆ ಜಾರಿ ಗುಡಾಣ ವಾಲಿತು.

ನಾನು ಆಗ ಹೊನ್ನಕ್ಕನ ಮುಖ ನೋಡಿದೆ. ಬಾಯಿಂದ ಸೆರಗು ಬಿದ್ದುಹೋಗಿತ್ತು. ಎರಡೂ ಕೈ ಮುಂದೆ ಬಂದಿದ್ದವು, ಏನನ್ನೋ ಹಿಡಿಯಲು ಹೋಗಿ ಗಾಳಿಯಲ್ಲೇ ನಿಂತಂತೆ. ಹುಲಿಗೂ ದೆವ್ವಕ್ಕೂ ಬಾರದ ಬಿಳುಪು ಆ ಮುಖದ ಮೇಲೆ ಬಂದಿತ್ತು. ಗುಡಾಣದ ಕಡೆ ತಿರುಗಿದೆ. ನೊರೆ ಇರಲಿಲ್ಲ. ಇಳಿದದ್ದಲ್ಲ, ಸೋರಿದ್ದಲ್ಲ, ಇರಲೇ ಇಲ್ಲ. ಕಂದು ಬಣ್ಣದ ಬೀರು ಕನ್ನಡಿಯಂತೆ ನಿಂತಿತ್ತು, ಅದರಲ್ಲಿ ಆಳಿನ ಬೆಪ್ಪು ಮುಖ ಕಾಣುತ್ತಿತ್ತು.

ನಾನು ಬುದ್ಧಿವಂತನೆಂದು ಹೇಳಿಕೊಳ್ಳುವುದಿಲ್ಲ. ಆದರೆ ಹದಿನೈದು ವರ್ಷ ಕೂಗಿದ ಬಾಯಿ ಬುದ್ಧಿಗಿಂತ ಮುಂಚೆ ತೆರೆಯುತ್ತದೆ.

"ತಗ್ಗಿತು!" ಎಂದು ಕೂಗಿದೆ. "ಯಜಮಾನರ ಮಾತಿಗೆ ತಗ್ಗಿತು! ತಗ್ಗಿತು!"

ಆಳುಗಳು ಬಿಸಿ ಪಾತ್ರೆ ಮುಟ್ಟಿದವರಂತೆ ಕೈಬಿಟ್ಟರು. ಗುಡಾಣ ಸಿಂಬಿಯ ಮೇಲೆ ಕೂತಿತು. ತಗ್ಗಿತು ಅಂದಮೇಲೆ ಮುಟ್ಟುವಂತಿಲ್ಲ, ಯಜಮಾನರೂ ಮುಟ್ಟುವಂತಿಲ್ಲ. ಯಜಮಾನರು ಗುಡಾಣದೊಳಗೆ ಇಣುಕಿದರು. ಅವರ ಮುಖದಲ್ಲಿ ಸಿಟ್ಟು ಹೋಗಿ, ಅನುಮಾನ ಬಂದು, ಅನುಮಾನ ಹೋಗಿ ಏನೋ ಅರಳುವುದು ಕಂಡಿತು.

"ನನ್ನ ಮಾತಿಗಾ?"

"ಮತ್ತಿನ್ಯಾರ ಮಾತಿಗೆ ಯಜಮಾನ್ರೇ? ಮಾತಾಡಿದ್ದು ನೀವೊಬ್ರೇ. ಮೊದಲು ಜೋರಾಗಿ ಅಂದ್ರಿ, ಅದು ಹದ ಅಲ್ಲ. ಆಮೇಲೆ ಮೆಲ್ಲಗೆ ಅಂದ್ರಲ್ಲ, ಅದು ಗತ್ತು. ಊರಿಗೆಲ್ಲ ಬೈಯೋ ನಂಗೇ ಬೆನ್ನು ಜುಂ ಅಂತು."

ಹೊನ್ನಕ್ಕ ನನ್ನನ್ನು ಸುಡುವಂತೆ ನೋಡಿದಳು. ನಾನು ತೊಲೆ ನೋಡಿದೆ. ಒಡೆದ ಹೆಂಚಿನಲ್ಲಿ ಆಕಾಶ ಕಾಣುತ್ತಿತ್ತು. ಯಜಮಾನರು ಜನರ ಕಡೆ ತಿರುಗಿ, ಯಾರಿಗೂ ಹೆದರದ ಹೆಂಗಸು ಎಂದು ತಾವು ಹೇಳಿದ್ದು ತಪ್ಪಾಯಿತೆಂದೂ, ಹೊನ್ನಾಜಿ ಒಳಗೊಳಗೇ ಹಿರಿಯರಿಗೆ ಹೆದರುವ ಮರ್ಯಾದಸ್ಥ ಹೆಣ್ಣೆಂದೂ ಸಾರಿದರು. ಇನ್ನು ಮುಂದೆ ಅವಳ ಗುಡಾಣಕ್ಕೆ ಬಾಡಿಗೆ ದನಿ ಬೇಡ, ಪ್ರತಿ ಉಕ್ಕಿಗೂ ತಾವೇ ಖುದ್ದಾಗಿ ಬಂದು ಬೈದು ಹೋಗುವುದಾಗಿ ಮಾತು ಕೊಟ್ಟರು.

ಮಾತು ತಪ್ಪಲಿಲ್ಲ. ಪ್ರತಿ ಉಕ್ಕಿಗೂ ಮಡಿ ಪಂಚೆ ಉಟ್ಟು ಬರುತ್ತಾರೆ. ಹೊನ್ನಕ್ಕ ಈಗ ಮುಚ್ಚಳದ ಮೇಲೆ ಬಟ್ಟೆ ಹೊದಿಸಿ, ಓರೆ ದಂಟನ್ನು ಗೋಡೆಯ ಸಂದಿಯಿಂದ ಹಿತ್ತಲಿಗೆ ಬಿಟ್ಟಿದ್ದಾಳೆ. ಬಕೆಟ್ ಆ ಕಡೆ ಇರುತ್ತದೆ. ಯಜಮಾನರು ಮುಚ್ಚಳದ ಮುಂದೆ ಕೂತು ಅರ್ಧ ಗಂಟೆ ಗತ್ತಿನಿಂದ ಬೈಯುತ್ತಾರೆ. ಹೊನ್ನಕ್ಕ ಅಡುಗೆಮನೆಯಲ್ಲಿ ತಟ್ಟೆ ಬಡಿಯುತ್ತ ನಗುತ್ತಾಳೆ. ನೊರೆ ಗೋಡೆಯಾಚೆ ಗುಳುಗುಳು ಎನ್ನುತ್ತದೆ. "ಕೇಳಿದ್ಯಾ, ಒಪ್ಕೋತಾ ಇದೆ," ಎನ್ನುತ್ತಾರೆ ಯಜಮಾನರು. ನಾನು ಹೌದೆನ್ನುತ್ತೇನೆ. ಹೋಗುವಾಗ ಹಿಂದಿನ ಸಲದ ಬೀರು ಒಂದು ಲೋಟ ಕುಡಿದು, ತಮ್ಮ ಬೈಗುಳ ಚೆನ್ನಾಗಿ ಹಿಡಿದಿದೆ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಪರಂಗಿ ಗಿಡಕ್ಕೆ ಊರಿನಲ್ಲಿ ಬೇಡಿಕೆ ಬಂದಿದೆ. ನನ್ನ ಮನೆಗಳು ಹದಿನೇಳಿದ್ದವು ಒಂಬತ್ತಾಗಿವೆ. ದನದ ಡಾಕ್ಟರು ಮಾತ್ರ ನನ್ನನ್ನು ಬಿಟ್ಟಿಲ್ಲ. ಆ ಎಮ್ಮೆಯ ನೆನಪು ಅವರಿಗೆ ಬೇಕಂತೆ.

ಹೋದ ಉಕ್ಕಿನ ದಿನ ಯಜಮಾನರು ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ. ಹೊನ್ನಕ್ಕ ಬಕೆಟ್ಟನ್ನು ಒಳಕ್ಕೆ ತಂದು, ದಂಟನ್ನು ಸರಿಮಾಡಿ, ಎದುರಿಗೆ ಹುರುಳಿಕಾಯಿ ಹಿಡಿದು ಕೂತಳು. ಕೇಳಬಾರದೆಂದುಕೊಂಡೇ ಕೇಳಿದೆ.

"ಅಕ್ಕಾ, ನಿಜ ಹೇಳು. ಆವತ್ತು ಯಜಮಾನ್ರಿಗೆ ಹೆದರಿದ್ಯಾ?"

"ಅವನಿಗಾ!" ಎಂದಳು. ಬಕೆಟ್ಟಿನಲ್ಲಿ ಗುಳುಗುಳುಗುಳು ಎಂದು ಒಂದೇ ಸಮನೆ ಎದ್ದಿತು.

"ಮತ್ತೆ?"

ಅವಳು ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು. ಇನ್ನು ಹೇಳುವುದಿಲ್ಲವೆಂದು ನಾನು ಏಳಲು ಹೊರಟೆ. ಕಾಲು ಜೋಮು ಹಿಡಿದಿತ್ತು. ಆಸರೆಗೆಂದು ಪಕ್ಕದ ಗುಡಾಣದ ಕುತ್ತಿಗೆ ಹಿಡಿದೆ. ಸಿಂಬಿಯ ಮೇಲೆ ಗುಡಾಣ ಕೊಂಚ ವಾಲಿತು.

ಬಕೆಟ್ಟು ಸುಮ್ಮನಾಯಿತು.

ನಾನು ಹೊನ್ನಕ್ಕನನ್ನು ನೋಡಿದೆ. ಅವಳ ಕೈಯಲ್ಲಿ ಅರ್ಧ ಮುರಿದ ಕಾಯಿ ಹಾಗೇ ಇತ್ತು. ಮನೆಯಲ್ಲಿ ಒಂದು ಗುಳ್ಳೆಯ ಸದ್ದೂ ಇರಲಿಲ್ಲ.

"ಅತ್ತೆ ಇದ್ದಾಗ ಇದು ಅವಳದು," ಎಂದಳು. "ಒಡೆದ್ರೆ ಅವಳು ಬೈತಾಳೆ ಅಂತ ಹೆದರ್ತಿದ್ದೆ. ಈಗ ನಂದು ಕಣೋ. ಕೈ ತೆಗಿ."

ಕೈ ತೆಗೆದೆ. ಒಂದು ಕಾಯಿ ಮುರಿದಳು, ಇನ್ನೊಂದು ಮುರಿದಳು. ಮೂರನೆಯದಕ್ಕೆ ಬಕೆಟ್ಟು ಗುಳುಕ್ ಅಂದಿತು.